ಕಾಸರಗೋಡಿನ ಒಂದು ತೂಕ ಇಳಿಕೆ ಚಿಕಿತ್ಸಾಲಯ: ಇಂಜೆಕ್ಷನ್ ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ

ಬದಿಯಡ್ಕದಿಂದ ನಾವು ಮೂವರು ಹೋಗಿದ್ದೆವು. ತೂಕ ಇಳಿಸುವ ಇಂಜೆಕ್ಷನ್‌ನ ಚೀಟಿ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಉಳಿದಿಬ್ಬರನ್ನು ಬರಿಗೈಯಲ್ಲಿ ಕಳುಹಿಸಿದ ಚಿಕಿತ್ಸಾಲಯಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ ಎಂದರೆ ಓದುವವರಿಗೆ ವಿಚಿತ್ರವೆನಿಸಬಹುದು, ಅದರಲ್ಲೂ ಬರಿಗೈಯಲ್ಲಿ ಬಂದವರಲ್ಲಿ ನಾನೂ ಒಬ್ಬನಾಗಿರುವಾಗ. ಕೆಲವು ಕುಂದುಗಳನ್ನೂ ಹೇಳಬೇಕಾಗಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ಕಾಸರಗೋಡು ಪೇಟೆಯಲ್ಲಿರುವ, ವಾರಕ್ಕೆರಡು ದಿನ ಮಂಗಳೂರಿನಿಂದ ಹಾರ್ಮೋನು ತಜ್ಞರೊಬ್ಬರು ಬಂದು ನೋಡುವ ಸಣ್ಣ ಚಿಕಿತ್ಸಾಲಯ ಎಂದರೆ ಸಾಕು. ತಜ್ಞರು ಇಲ್ಲಿಗೇ ಬರುವುದು ನಮಗೆ ಸಣ್ಣ ಸಂಗತಿಯಲ್ಲ. 2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ಕಂಡವರಿಗೆ ಅದರ ಬೆಲೆ ತಿಳಿದಿದೆ.

ನಾನು ನಿವೃತ್ತ ಶಾಲಾ ಮಾಸ್ತರ. ವಯಸ್ಸು 61, ಬಿಪಿಗೆ ದಿನಕ್ಕೊಂದು ಮಾತ್ರೆ. ಭಾವನಿಗೆ, ಅಂದರೆ ತಂಗಿಯ ಗಂಡನಿಗೆ, 54. ಹನ್ನೊಂದು ವರ್ಷಗಳಿಂದ ಶುಗರ್. ಮೂರನೆಯವಳು ಅವರ ಮಗಳು, ನನ್ನ ಸೋದರ ಸೊಸೆ. ಇದಕ್ಕೂ ಮೊದಲು ನಾನು ಫೋನಿನಲ್ಲಿ ಕಂಡ ಈ ಇಂಜೆಕ್ಷನ್‌ನ ಒಂದು ಜಾಹೀರಾತನ್ನು ನಂಬಿ ಅದನ್ನು ಹಾಕಿದವರನ್ನು ಸಂಪರ್ಕಿಸಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ತೂಕ ಎಷ್ಟು, ಹಣ ಹೇಗೆ ಕಳುಹಿಸುತ್ತೀರಿ. ಪೆನ್, ಅಂದರೆ ನಾವೇ ಚುಚ್ಚಿಕೊಳ್ಳುವ ಔಷಧ ತುಂಬಿದ ಇಂಜೆಕ್ಷನ್, ಕೊರಿಯರ್‌ನಲ್ಲಿ ಬರುತ್ತದೆ ಎಂದರು. ಹಣ ಹಾಕುವಷ್ಟರಲ್ಲಿ ನನ್ನ ಹೆಂಡತಿ ತಡೆದಳು. “ಅಡಿಕೆಗೆ ಮದ್ದು ಬಿಡುವ ಮೊದಲು ನೀವು ಆಕಾಶ ನೋಡುತ್ತೀರಿ, ಮರ ನೋಡುತ್ತೀರಿ. ಮೈಗೆ ಚುಚ್ಚಿಕೊಳ್ಳುವುದಕ್ಕೆ ಏನೂ ನೋಡುವುದು ಬೇಡವೇ?” ಎಂದು ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಚಿಕಿತ್ಸಾಲಯದಲ್ಲಿ ಮೊದಲು ಮಾಡಿದ್ದು ಅಳತೆ. ಚಪ್ಪಲಿ ಬಿಚ್ಚಿಸಿ, ಕಿಸೆಯಲ್ಲಿದ್ದ ಫೋನು ಮತ್ತು ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಇಡಿಸಿ ತೂಗಿದರು. ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಎತ್ತರ ನೋಡಿದರು. ಹೊಟ್ಟೆಯ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದರು. ಮನೆಯಲ್ಲಿ ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ ನಿಂತು ನೋಡಿಕೊಂಡಾಗ ನಾನು 78 ಕಿಲೋ ಇದ್ದೆ, ಇಲ್ಲಿ 76. ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಬರೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಮೂಟೆಯ ಯಂತ್ರದ ಪ್ರಕಾರ ನನ್ನದು 27.6, ಚಿಕಿತ್ಸಾಲಯದ ಪ್ರಕಾರ 26.9. ಈ ವ್ಯತ್ಯಾಸದಲ್ಲಿ ಏನಿದೆ ಎಂದು ಕೇಳಬೇಡಿ. ಎಲ್ಲವೂ ಅದರಲ್ಲೇ ಇತ್ತು.

ಏಕೆಂದರೆ ತೂಕ ಇಳಿಸಲೆಂದು ಅನುಮತಿ ಪಡೆದ ಈ ಇಂಜೆಕ್ಷನ್‌ಗಳನ್ನು ವಯಸ್ಕರಿಗೆ ಕೊಡಲು ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿರಬೇಕು. 27 ದಾಟಿದವರಿಗೆ ತೂಕಕ್ಕೆ ಸಂಬಂಧಿಸಿದ ಒಂದಾದರೂ ತೊಂದರೆ, ಅಂದರೆ ರಕ್ತದ ಒತ್ತಡ, ಎರಡನೆಯ ಬಗೆಯ ಮಧುಮೇಹ, ಕೊಲೆಸ್ಟರಾಲಿನ ಏರುಪೇರು, ನಿದ್ದೆಯಲ್ಲಿ ಉಸಿರು ಕಟ್ಟುವುದು ಮೊದಲಾದವುಗಳಲ್ಲಿ ಒಂದು, ಜೊತೆಗಿರಬೇಕು. ಅಮೆರಿಕದಲ್ಲಿ 2021ರ ಜೂನ್‌ನಲ್ಲಿ ವೆಗೋವಿ ಎಂಬ ಹೆಸರಿನಲ್ಲಿ ಸೆಮಾಗ್ಲುಟೈಡ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ಇದೇ ಅಳತೆಗೋಲಿನ ಮೇಲೆ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಮೌಂಜಾರೊ, ಅಂದರೆ ಟಿರ್ಜೆಪಟೈಡ್ ಎಂಬ ಇನ್ನೊಂದು ಔಷಧ, ಮತ್ತು ಅದೇ ವರ್ಷದ ಜೂನ್‌ನಲ್ಲಿ ಬಂದ ವೆಗೋವಿ, ಎರಡಕ್ಕೂ ಇದೇ ಗೆರೆ. ಬಿಪಿ ಇದ್ದುದರಿಂದ ನಾನು 27 ದಾಟಿದ್ದರೆ ಸಾಕಿತ್ತು. ಮನೆಯಲ್ಲಿ ದಾಟಿದ್ದೆ, ಇಲ್ಲಿ ದಾಟಲಿಲ್ಲ.

ಇಲ್ಲಿ ನಾನು ಸ್ವಲ್ಪ ವಾದ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಭಾರತೀಯರಿಗೆ ಬಿಎಂಐ 23 ದಾಟಿದರೇ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ದೇಶದ ತಜ್ಞರೇ 2009ರಲ್ಲಿ ಹೇಳಿರುವಾಗ ಇಂಜೆಕ್ಷನ್‌ಗೆ ಮಾತ್ರ 27ರ ಗೆರೆ ಏಕೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಡಾಕ್ಟರ್ ಸಿಡುಕಲಿಲ್ಲ. ನಮ್ಮವರಲ್ಲಿ ಕಡಿಮೆ ತೂಕಕ್ಕೇ ಶುಗರ್, ಹೃದ್ರೋಗಗಳು ಅಂಟಿಕೊಳ್ಳುವುದರಿಂದ 23 ಮತ್ತು 25 ಎಂಬ ಗೆರೆಗಳನ್ನು ಎಚ್ಚರಿಸುವುದಕ್ಕಾಗಿ ಎಳೆದಿದ್ದಾರೆ, ಆಹಾರ ಮತ್ತು ನಡಿಗೆ ಅಲ್ಲಿಂದಲೇ ಶುರುವಾಗಬೇಕು, ಔಷಧದ ಅನುಮತಿ ಮಾತ್ರ ಅದನ್ನು ಪ್ರಯೋಗಿಸಿ ನೋಡಿದ ಜನರ ಅಳತೆಯನ್ನು ಅನುಸರಿಸುತ್ತದೆ ಎಂದು ವಿವರಿಸಿದರು. ನನ್ನ ಸುತ್ತಳತೆ 96 ಸೆಂಟಿಮೀಟರ್, ನಮ್ಮ ಗಂಡಸರಿಗೆ 90ರೊಳಗಿರಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9, ಅಂದರೆ ಮಧುಮೇಹದ ಹೊಸ್ತಿಲು. “ಮಾಷ್ಟ್ರೇ, ನಿಮಗೆ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಂಜೆಕ್ಷನ್ ಈಗ ಬೇಡ ಎಂದಷ್ಟೇ ಹೇಳುತ್ತಿದ್ದೇನೆ” ಎಂದರು. ಒಂದು ದಶಮಾಂಶಕ್ಕಾಗಿ ಚೌಕಾಶಿ ಮಾಡಿ ನಾಳೆ ಎರಡು ಚೊಂಬು ನೀರು ಕುಡಿದು ಬರಲೇ ಎಂದು ಕೇಳುವ ಆಸೆ ನನಗಿತ್ತು, ಕೇಳಲಿಲ್ಲ.

ಭಾವನ ವಿಷಯದಲ್ಲಿ ಸಂಖ್ಯೆಯ ತಕರಾರೇ ಇರಲಿಲ್ಲ. 170 ಸೆಂಟಿಮೀಟರ್ ಎತ್ತರ, 104 ಕಿಲೋ, ಬಿಎಂಐ 36, ಮೇಲೆ ಶುಗರ್. ಹೋದ ಕೂಡಲೇ ಚೀಟಿ ಸಿಗುತ್ತದೆ ಎಂದುಕೊಂಡಿದ್ದ ಅವರನ್ನೇ ಡಾಕ್ಟರ್ ಹೆಚ್ಚು ಹೊತ್ತು ವಿಚಾರಿಸಿದರು, ಮತ್ತು ಈ ಚಿಕಿತ್ಸಾಲಯದ ಬಗ್ಗೆ ನನಗೆ ಗೌರವ ಮೂಡಿದ್ದು ಆಗಲೇ. ಹಿಂದೆ ಎಂದಾದರೂ ಮೇದೋಜೀರಕ ಗ್ರಂಥಿಯ ಉರಿಯೂತವಾಗಿ ಆಸ್ಪತ್ರೆಯಲ್ಲಿದ್ದಿರೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಉಂಡದ್ದು ಹೊಟ್ಟೆಯಲ್ಲೇ ಗಂಟೆಗಟ್ಟಲೆ ನಿಂತಂತೆ ಆಗುತ್ತದೆಯೇ, ಮನೆತನದಲ್ಲಿ ಥೈರಾಯ್ಡ್‌ನ ಕ್ಯಾನ್ಸರ್ ಬಂದವರಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಯ ಪ್ರಶ್ನೆಗೆ ಭಾವ ಬೆಚ್ಚಿಬಿದ್ದು, ತಾಯಿಗೆ ಥೈರಾಯ್ಡ್ ಇತ್ತು, ಬೆಳಿಗ್ಗೆ ಬರಿಹೊಟ್ಟೆಗೆ ಮಾತ್ರೆ ನುಂಗುತ್ತಿದ್ದರು ಎಂದರು. ಹಾರ್ಮೋನು ಕಡಿಮೆಯಾಗುವ ಆ ಸಾಮಾನ್ಯ ತೊಂದರೆ ಅಡ್ಡಿಯಲ್ಲ, ಮೆಡ್ಯುಲರಿ ಎಂಬ ಅಪರೂಪದ ಒಂದು ಬಗೆಯ ಕ್ಯಾನ್ಸರ್ ತನಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಬಂದಿದ್ದರೆ ಮಾತ್ರ ಈ ಔಷಧ ಕೂಡದು ಎಂದು ಸ್ಪಷ್ಟವಾಗಿ ಬಿಡಿಸಿ ಹೇಳಿದರು. ನಮ್ಮ ಕಡೆ ಮನೆಗೊಬ್ಬರಿಗೆ ‘ಥೈರಾಯ್ಡ್’ ಇರುವುದರಿಂದ ಈ ವ್ಯತ್ಯಾಸ ತಿಳಿಯದೆ ಹೆದರುವವರು ಬಹಳ ಮಂದಿ ಇರಬೇಕು.

ಇಷ್ಟಾದರೂ ಆ ದಿನ ಚೀಟಿ ಬರೆಯಲಿಲ್ಲ. ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮಾಡಿಸಿ ಬನ್ನಿ ಎಂದರು. ಹಳೆಯ ಶುಗರ್ ಇದ್ದವರಲ್ಲಿ ಸಕ್ಕರೆ ಒಮ್ಮೆಲೇ ಇಳಿದರೆ ಕಣ್ಣಿನ ತೊಂದರೆ ಕೆಲಕಾಲ ಹೆಚ್ಚುವ ಸಂಭವವಿದೆಯಂತೆ. ಹತ್ತು ದಿನ ಬಿಟ್ಟು ವರದಿ ತೋರಿಸಿದ ಮೇಲೆ, ಭಾವ ಶುಗರ್‌ಗೆ ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕಿಳಿಸಿ, ಏಕೆಂದರೆ ಅದೂ ಇಂಜೆಕ್ಷನ್ನೂ ಸೇರಿದರೆ ಸಕ್ಕರೆ ಮಿತಿಮೀರಿ ಕುಸಿಯಬಹುದು, ವಾರಕ್ಕೊಮ್ಮೆ 2.5 ಮಿಲಿಗ್ರಾಂ ಟಿರ್ಜೆಪಟೈಡ್ ಬರೆದುಕೊಟ್ಟರು. ನಾಲ್ಕು ವಾರ ಕಳೆದು 5 ಮಿಲಿಗ್ರಾಂ. ಆಸೆ ಹುಟ್ಟಿಸುವ ಮಾತನ್ನು ಆಡಲಿಲ್ಲ ಎಂಬುದು ನನಗೆ ಹಿಡಿಸಿತು: ಮಧುಮೇಹವಿಲ್ಲದವರ ಮೇಲೆ ನಡೆದ 72 ವಾರಗಳ ದೊಡ್ಡ ಪ್ರಯೋಗದಲ್ಲಿ ಗರಿಷ್ಠ ಪ್ರಮಾಣಕ್ಕೆ ಸರಾಸರಿ ಶೇಕಡಾ 20.9ರಷ್ಟು ತೂಕ ಇಳಿದಿದ್ದರೆ, ಮಧುಮೇಹ ಇದ್ದವರ ಪ್ರಯೋಗದಲ್ಲಿ ಅದು ಶೇಕಡಾ 14.7 ಮಾತ್ರ, ನೀವು ಎರಡನೆಯ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ ಎಂದರು. ನಿಲ್ಲಿಸಿದರೆ ಏನಾಗುತ್ತದೆ ಎಂದು ನಾನೇ ಕೇಳಿದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಕಳೆದುಕೊಂಡ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತಂತೆ.

ಸೋದರ ಸೊಸೆಯ ಬಿಎಂಐ 31.2, ಸಂಖ್ಯೆಯ ಪ್ರಕಾರ ಅವಳಿಗೆ ಕೊಡಬಹುದಿತ್ತು. ಆದರೆ ಮದುವೆಯಾಗಿ ಎರಡು ವರ್ಷವಾದ ಅವಳು ಮಗುವಿನ ನಿರೀಕ್ಷೆಯಲ್ಲಿದ್ದಾಳೆ. ಗರ್ಭಿಣಿಯರಿಗೆ ಈ ಔಷಧ ಕೂಡದು. ಸೆಮಾಗ್ಲುಟೈಡ್ ಆದರೆ ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಿರಬೇಕು. ನಮ್ಮನ್ನೆಲ್ಲ ಹೊರಗೆ ಕಳುಹಿಸಿ ಅವಳೊಬ್ಬಳನ್ನೇ ಕೂರಿಸಿ ಮಾತಾಡಿದ ಸೌಜನ್ಯಕ್ಕೆ ಅರ್ಧ ನಕ್ಷತ್ರ ಬೇರೆಯೇ ಕೊಡಬೇಕು.

ಖರ್ಚಿನ ವಿಷಯ. ಡಾಕ್ಟರ ಫೀಸು 500 ರೂಪಾಯಿ, ರಕ್ತಪರೀಕ್ಷೆಗಳಿಗೆ ಬೇರೆ. ಭಾರತಕ್ಕೆ ಬಂದಾಗ ಮೌಂಜಾರೊದ 2.5 ಮಿಲಿಗ್ರಾಮಿನ ಒಂದು ಬಾಟಲಿಗೆ 3,500, 5 ಮಿಲಿಗ್ರಾಮಿನದಕ್ಕೆ 4,375 ರೂಪಾಯಿ ಇತ್ತು. ವಾರಕ್ಕೊಂದರಂತೆ ತಿಂಗಳಿಗೆ ನಾಲ್ಕು. ಭಾವ ಕೊಂಡದ್ದು ನಾಲ್ಕು ವಾರಕ್ಕಾಗುವ ಪೆನ್. ಮೊದಲ ತಿಂಗಳಿಗೆ ಹದಿಮೂರು ಸಾವಿರಕ್ಕಿಂತ ಹೆಚ್ಚಾಯಿತು. ವರ್ಷಗಟ್ಟಲೆ ಇದನ್ನು ಭರಿಸುವ ಶಕ್ತಿ ಇದೆಯೇ ಎಂದು ಚೀಟಿ ಬರೆಯುವ ಮೊದಲೇ ಕೇಳಿದ್ದು ಸರಿಯಾದ ಕ್ರಮ. ಶಾರ್ಜಾದಲ್ಲಿರುವ ಮಗ ಅಲ್ಲಿಂದಲೇ ಪೆನ್ ಕಳುಹಿಸುತ್ತಾನೆ ಎಂದು ಭಾವ ಹೇಳಿದಾಗ ಡಾಕ್ಟರ್ ಒಪ್ಪಲಿಲ್ಲ. ಪೆನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಆದರೆ ಹೆಪ್ಪುಗಟ್ಟಬಾರದು. ಯಾರದೋ ಪೆಟ್ಟಿಗೆಯಲ್ಲಿ ವಿಮಾನವಿಳಿದು, ಕಾರಿನ ಡಿಕ್ಕಿಯಲ್ಲಿ ಬಿಸಿಲುಂಡು ಬಂದದ್ದು ನೋಡಲು ಮೊದಲಿನಂತೆಯೇ ಇದ್ದರೂ ಒಳಗೆ ಕೆಟ್ಟಿರಬಹುದು. ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟು ಹೋಗುವ ನಮ್ಮ ಊರಿನಲ್ಲಿ ಏನು ಮಾಡಬೇಕು ಎಂಬುದನ್ನು ನರ್ಸಮ್ಮ ತಾವಾಗಿಯೇ ತಿಳಿಸಿದರು.

ಇನ್ನು ಕಳೆದ ಒಂದು ನಕ್ಷತ್ರದ ಲೆಕ್ಕ. ಒಂಬತ್ತೂವರೆಯ ಟೋಕನ್ ಹಿಡಿದು ಕುಳಿತವರನ್ನು ಒಳಗೆ ಕರೆದದ್ದು ಹನ್ನೆರಡಕ್ಕೆ. ರೋಗಚರಿತ್ರೆಯ ನಮೂನೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಎದುರಿಗೆ ಕೂತ ನರ್ಸಮ್ಮನೂ ಡಾಕ್ಟರೂ ಸೊಗಸಾದ ಕನ್ನಡ, ತುಳು ಮಾತಾಡುವವರೇ ಆಗಿರುವಾಗ ಕಾಗದದ ಮೇಲೆ ಕನ್ನಡವಿಲ್ಲದಿರುವುದು ಸೋಜಿಗ. ಕುಟುಂಬದ ಕ್ಯಾನ್ಸರಿನಂಥ ಗಂಭೀರ ಪ್ರಶ್ನೆಗೆ ಭಾಷೆ ತಿಳಿಯದೆ ‘ಇಲ್ಲ’ ಎಂದು ಗೀಟು ಹಾಕಿದರೆ ಅದರ ಫಲ ಉಣ್ಣುವವನು ರೋಗಿ. ಆಹಾರ ಸಲಹೆಯ ಹಾಳೆಯಂತೂ ಬೇರೆ ಯಾವುದೋ ಊರಿನದು: ಓಟ್ಸ್, ಬ್ರೊಕೊಲಿ, ಆವಕಾಡೊ. ತೂಕದೊಂದಿಗೆ ಮಾಂಸಖಂಡವೂ ಕರಗುವುದರಿಂದ ಪ್ರೋಟೀನ್ ಹೆಚ್ಚಿಸಬೇಕು ಎಂಬ ಮಾತು ಅದರಲ್ಲಿ ಸರಿಯಾಗಿಯೇ ಇದೆ, ಆದರೆ ಕುಚ್ಚಿಲಕ್ಕಿ ಗಂಜಿ ಎಷ್ಟು ಸೌಟು, ಹೆಸರುಕಾಳು ಎಷ್ಟು, ಮಧ್ಯಾಹ್ನದ ಅನ್ನದ ಬದಲಿಗೆ ಏನು ಎಂಬುದು ಎಲ್ಲೂ ಇಲ್ಲ. ಎರಡನೆಯ ವಾರ ಭಾವನಿಗೆ ವಾಕರಿಕೆ ಮತ್ತು ಮಲಬದ್ಧತೆ ಕಾಡಿದಾಗ ಕೊಟ್ಟಿದ್ದ ಫೋನ್ ಸಂಖ್ಯೆಯನ್ನು ಒಂದು ಹಗಲು ಪೂರ್ತಿ ಯಾರೂ ಎತ್ತಲಿಲ್ಲ. ಮರುದಿನ ತಾವೇ ಕರೆಮಾಡಿ ಕ್ಷಮೆ ಕೇಳಿದರು ಎನ್ನುವುದನ್ನೂ ಹೇಳಬೇಕು.

ಮೂರು ತಿಂಗಳಿಗೆ ಭಾವ 97 ಕಿಲೋಗೆ ಇಳಿದಿದ್ದಾರೆ, ವಾಕರಿಕೆ ನಿಂತಿದೆ, ಮನೆಯ ಪತ್ರೊಡೆಯನ್ನು ಎರಡು ತುಂಡಿಗೆ ಸಾಕೆನ್ನುತ್ತಾರೆ. ತಂಗಿಗೆ ಇದು ಇನ್ನೂ ನಂಬಲಾಗದ ವಿಷಯ. ನಾನು ಬೆಳಗಿನ ನಡಿಗೆ ಮತ್ತು ರಾತ್ರಿಯ ಅನ್ನಕ್ಕೆ ಹಾಕಿದ ಕತ್ತರಿಯಿಂದ 74ಕ್ಕೆ ಬಂದಿದ್ದೇನೆ, ಬಿಎಂಐ 26.2, ಹೀಗಾಗಿ ಇಂಜೆಕ್ಷನ್‌ನ ಅರ್ಹತೆಯಿಂದ ಇನ್ನಷ್ಟು ದೂರ ಸರಿದಂತಾಯಿತು. ಹೋಗುವವರು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಹಳೆಯ ಸ್ಕ್ಯಾನಿಂಗ್ ವರದಿಗಳನ್ನೂ ಒಯ್ಯುವುದು ಒಳ್ಳೆಯದು, ನಮೂನೆ ತುಂಬಲು ಮಲಯಾಳ ಓದಬಲ್ಲ ಒಬ್ಬರು ಜೊತೆಗಿರಲಿ, ಮತ್ತು ಬೆಳಗಿನ ತಿಂಡಿ ತಿಂದೇ ಹೊರಡಿ, ಏಕೆಂದರೆ ಟೋಕನ್‌ನಲ್ಲಿ ಬರೆದ ಗಂಟೆಗೂ ಒಳಗೆ ಕರೆಯುವ ಗಂಟೆಗೂ ಯಾವ ಸಂಬಂಧವೂ ಇಲ್ಲ.