ಸತ್ತೂರಿನ ಎಸ್‌ಡಿಎಂ ಹಲ್ಲಿನ ದವಾಖಾನೆ: ಒಬ್ಬ ಟೇಲರ್ ಅನುಭವ

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಹೋದ ವರ್ಷ ಮದುವೆ ಸೀಸನ್ ನಡುವೆ ಬಲಗಡೆ ಕೆಳಗಿನ ದವಡೆ ಹಲ್ಲು ನೋವು ಶುರುವಾಯಿತು. ಮೂರು ರಾತ್ರಿ ನಿದ್ದೆ ಇಲ್ಲ. ಅದೇ ಹಲ್ಲಿಗೆ ಎರಡು ವರ್ಷದ ಹಿಂದೆ ಬೇರೆ ಕಡೆ ಸಿಮೆಂಟ್ ತುಂಬಿಸಿಕೊಂಡಿದ್ದೆ. ಅವರು ಬೇಗಬೇಗ ತುಂಬಿ ಕಳಿಸಿಬಿಟ್ಟಿದ್ದರು. ಹುಳುಕು ಯಾಕೆ ಬಂತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಚಿಗರಿ ಬಸ್ ಹತ್ತಿ ಸೀದಾ ಧಾರವಾಡ ಹಾದಿಯ ಸತ್ತೂರಿಗೆ ಹೋದೆ.

ಎಸ್‌ಡಿಎಂ ದಂತ ಕಾಲೇಜು 1986ರಿಂದ ಇದೆ. ಕಾಲೇಜಿನ ದವಾಖಾನೆ ಅಂದಮೇಲೆ ಕಲಿಯುವ ಮಕ್ಕಳೇ ನೋಡುತ್ತಾರೆ. ನನಗೂ ಅಂಜಿಕೆ ಇತ್ತು. ಆದರೆ ಒಂದೊಂದು ಹಂತಕ್ಕೂ ಅವರ ಮೇಡಂ ಬಂದು ನೋಡಿ, ಸರಿ ಅಂದಮೇಲೇ ಮುಂದಿನ ಕೆಲಸ. ನಮ್ಮ ಅಂಗಡಿಯಲ್ಲಿ ಹೊಸ ಹುಡುಗಿ ಕತ್ತರಿ ಹಾಕುವ ಮೊದಲು ನಾನು ಮಾರ್ಕಿಂಗ್ ನೋಡುವುದಿಲ್ಲವೇ, ಹಾಗೆ. ಅದನ್ನು ನೋಡಿದ ಮೇಲೆ ಕುರ್ಚಿಯಲ್ಲಿ ಆರಾಮಾಗಿ ಕೂತೆ.

ಬಾಯೊಳಗೆ ಕನ್ನಡಿ ಹಿಡಿದ ಹುಡುಗಿ ಮೊದಲು ನೋವಿನ ಹಲ್ಲಿನ ಮಾತು ಎತ್ತಲೇ ಇಲ್ಲ. "ಅಕ್ಕಾರ, ನೀವು ಟೇಲರಿಂಗ್ ಮಾಡ್ತೀರೇನ್ರಿ?" ಅಂದಳು. ನನಗೆ ಆಶ್ಚರ್ಯ. ಕನ್ನಡಿ ಕೈಗೆ ಕೊಟ್ಟು ತೋರಿಸಿದಳು. ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು, ಒಂದು ದಾರ ಕೂರುವಷ್ಟೇ ಅಗಲ. ಹದಿನೆಂಟು ವರ್ಷ ದಾರ ಕಡಿದು, ಗುಂಡುಸೂಜಿ ಹಲ್ಲಲ್ಲಿ ಕಚ್ಚಿಕೊಂಡು ಮಾಡಿದ ಗುರುತು. ದಿನಾ ಕನ್ನಡಿ ನೋಡುವ ನನಗೇ ಅದು ಕಂಡಿರಲಿಲ್ಲ. ಈಗ ಸಣ್ಣ ಕತ್ತರಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತೇನೆ.

ಆಮೇಲೆ ಕೇಳಿದಳು, ಸಿಹಿ ಎಷ್ಟು ತಿನ್ನುತ್ತೀರಿ ಅಂತ. ಪೇಢೆ ಹಬ್ಬಕ್ಕೊಮ್ಮೆ, ಅಷ್ಟೇ ಅಂದೆ. "ಚಹಾ?" ಅಂದಳು. ಎಣಿಸುತ್ತಾ ಹೋದೆ. ಬೆಳಿಗ್ಗೆ ಎದ್ದ ಕೂಡಲೇ, ಅಂಗಡಿ ತೆಗೆದಾಗ, ಹನ್ನೊಂದಕ್ಕೆ, ನಾಲ್ಕಕ್ಕೆ ಟೋಸ್ಟ್ ಜೊತೆ, ಗಿರಾಕಿ ಬಂದರೆ ಇನ್ನೊಂದು, ಸೀಸನ್‌ನಲ್ಲಿ ರಾತ್ರಿ ಹತ್ತಕ್ಕೆ ಮತ್ತೊಂದು. ಎಲ್ಲದರಲ್ಲೂ ಸಕ್ಕರೆ. ಅದೂ ಗಟಗಟ ಕುಡಿಯುವುದಿಲ್ಲ. ಮಷಿನ್ ಪಕ್ಕ ಕಪ್ ಇಟ್ಟುಕೊಂಡು ಒಂದು ತೋಳು ಹೊಲಿದು ಒಂದು ಗುಟುಕು. ಮಧ್ಯಾಹ್ನ ನಿದ್ದೆ ಬರಬಾರದು ಅಂತ ಬಲಗೆನ್ನೆಯಲ್ಲಿ ಒಂದು ಪೆಪ್ಪರಮೆಂಟ್. ನೋವು ಬಂದದ್ದೂ ಬಲಗಡೆಯೇ.

ಅವಳು ಹೇಳಿದ್ದು ನನಗೆ ಚೆನ್ನಾಗಿ ತಲೆಗೆ ಹೋಯಿತು. ಹುಳುಕು ಅಂದರೆ ಹುಳ ಅಲ್ಲ. ಹಲ್ಲಿಗೆ ಅಂಟಿದ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಸುಮಾರು ಅರ್ಧ ಗಂಟೆ ಹಲ್ಲಿನ ಮೇಲ್ಪದರ ಕರಗಿಸುತ್ತದೆ. ಆಮೇಲೆ ಜೊಲ್ಲು ಬಂದು ರಿಪೇರಿ ಮಾಡುತ್ತದೆ. ಗುಟುಕು ಗುಟುಕಾಗಿ ಕುಡಿದರೆ ಆ ಅರ್ಧ ಗಂಟೆ ಮತ್ತೆ ಮತ್ತೆ ಮೊದಲಿಂದ ಶುರು. ರಿಪೇರಿಗೆ ಹೊತ್ತೇ ಸಿಗುವುದಿಲ್ಲ. ಎಷ್ಟು ಸಕ್ಕರೆ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯವಂತೆ. ರಾತ್ರಿ ಜೊಲ್ಲು ಕಡಿಮೆ, ಹಾಗಾಗಿ ಹತ್ತು ಗಂಟೆಯ ಚಹಾ ಕುಡಿದು ಹಾಗೇ ಮಲಗುವುದು ಎಲ್ಲಕ್ಕಿಂತ ಕೆಟ್ಟದ್ದು. ನಾನು ಹುಟ್ಟಿದಾಗಿನಿಂದ ಬೆಳಿಗ್ಗೆ ಒಂದೇ ಸಲ ಹಲ್ಲುಜ್ಜಿದವಳು.

ಇನ್ನೊಂದು ವಿಷಯ ಬರೆಯಲೇಬೇಕು. ನನ್ನ ತವರು ಗದಗ ಜಿಲ್ಲೆಯ ಮುಂಡರಗಿ ಕಡೆ. ಬೋರ್ ನೀರು ಕುಡಿದು ಬೆಳೆದ ನನ್ನ ಹಲ್ಲಿನ ಮೇಲೆ ಕಂದು ಪಟ್ಟೆ ಇವೆ. ಗಂಡನ ಮನೆಗೆ ಬಂದಾಗ ಹಲ್ಲುಜ್ಜುವುದಿಲ್ಲ ಅಂತ ಅಂದುಕೊಂಡವರೂ ಇದ್ದರು. ಫೋಟೋ ತೆಗೆಯುವಾಗ ಇಂದಿಗೂ ತುಟಿ ಬಿಚ್ಚುವುದಿಲ್ಲ. "ಇದು ಹೊಲಸಲ್ರಿ ಅಕ್ಕಾರ, ನೀರಿನಾಗಿನ ಫ್ಲೋರೈಡ್" ಅಂದಳು ಆ ಹುಡುಗಿ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ಸಣ್ಣವರಿದ್ದಾಗ, ಹಲ್ಲು ಇನ್ನೂ ಒಸಡಿನೊಳಗೆ ತಯಾರಾಗುವಾಗ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಈ ಕಲೆ ಆಗುತ್ತದೆ. ಇಷ್ಟು ವರ್ಷದಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಹಾಗಾದರೆ ಫ್ಲೋರೈಡ್ ಪೇಸ್ಟ್ ಯಾಕೆ ಬರೆದುಕೊಟ್ಟಿರಿ ಅಂತ ಕೇಳಿದೆ. ಮೇಡಂ ಅವರೇ ಉತ್ತರ ಕೊಟ್ಟರು. ದೊಡ್ಡವರಿಗೆ ಹೊಸ ಕಲೆ ಆಗುವುದಿಲ್ಲ. ಪೇಸ್ಟ್ ನುಂಗುವುದಿಲ್ಲ, ಉಗುಳುತ್ತೇವೆ. ಅದು ಹಲ್ಲಿನ ಮೇಲೆ ಕೂತು ಮೇಲ್ಪದರ ಗಟ್ಟಿ ಮಾಡುತ್ತದೆ. ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಅಂತ ಡಬ್ಬಿಯ ಹಿಂದೆ ಬರೆದಿದೆಯಾ ನೋಡಿ ತಗೊಳ್ಳಿ ಅಂದರು. ಎರಡು ಹೊತ್ತು, ಎರಡೆರಡು ನಿಮಿಷ, ಮೆತ್ತನೆ ಬ್ರಷ್. ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬಾರದು. ಇದು ರೂಢಿ ಆಗಲು ನನಗೆ ಒಂದು ತಿಂಗಳೇ ಬೇಕಾಯಿತು.

ನೋವಿನ ಹಲ್ಲಿಗೆ ರೂಟ್ ಕೆನಾಲ್, ಅಂದರೆ ಬೇರಿನ ಒಳಗೆ ಸ್ವಚ್ಛ ಮಾಡಿ ತುಂಬುವುದು, ಮೂರು ಸಲಕ್ಕೆ ಮುಗಿಯಿತು. ಇಂಜೆಕ್ಷನ್ ಬಿಟ್ಟರೆ ನೋವಿಲ್ಲ. ಹೊತ್ತು ಬೇಕು, ಅಂಗಡಿಗೆ ಅರ್ಧ ದಿನ ರಜೆ ಹಾಕಿಯೇ ಹೋಗಿ. ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ.

ಚಹಾ ಈಗ ದಿನಕ್ಕೆ ಎರಡು, ನಾಷ್ಟಾ ಜೊತೆ ಒಂದು, ಸಂಜೆ ಒಂದು, ಕೂತು ಕುಡಿದು ಮುಗಿಸುವುದು. ಮಷಿನ್ ಪಕ್ಕ ನೀರಿನ ತಂಬಿಗೆ. ಆರು ತಿಂಗಳ ಮೇಲೆ ತೋರಿಸಲು ಹೋದಾಗ ಹೊಸ ಹುಳುಕು ಒಂದೂ ಇರಲಿಲ್ಲ. ಆ ದಿನ ಆರು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳ ಹಾಲುಹಲ್ಲಿನ ಸಾಲಿನ ಹಿಂದೆ ಒಂದು ದೊಡ್ಡ ಹಲ್ಲು ಬಂದಿತ್ತು. ಇದೂ ಬಿದ್ದುಹೋಗುವ ಹಲ್ಲು ಅಂತ ನಾನು ಸುಮ್ನೆ ಇದ್ದೆ. ಅದು ಬೀಳುವುದಿಲ್ಲವಂತೆ, ಜೀವನಪೂರ್ತಿ ಇರುವ ದವಡೆ ಹಲ್ಲಂತೆ. ಹುಳುಕು ಹಿಡಿಯದಿರಲಿ ಅಂತ ಅದರ ಮೇಲಿನ ಸಣ್ಣ ಗೆರೆಗಳ ಸಂದಿಗೆ ಅಂಟಿನಂಥದ್ದು ಏನೋ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಸೂಜಿ ಇಲ್ಲ, ನೋವಿಲ್ಲ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ನಾಲಿಗೆಯಿಂದ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.