ಸೊಳ್ಳೆಗೆ ಬೇವಿನೆಣ್ಣೆಯೋ, ಮಜ್ಜಿಗೆಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆಯೋ?

ಸಂಜೆ ಕೊಟ್ಟಿಗೆ ಕೆಲಸಕ್ಕೆ ಬೇವಿನೆಣ್ಣೆಯೇ ವಾಸಿ. 100 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಮಿ.ಲೀ. ಬೆರೆಸಿ ಕೈಕಾಲಿಗೆ ಸವರಿ. ವಾಸನೆ ಕಟು, ಬಟ್ಟೆಗೆ ಜಿಡ್ಡು. ಆದರೆ ಬೇಗ ಆರಿಹೋಗುವುದಿಲ್ಲ. ಮಲೆನಾಡಿನ ಚಳಿಗೆ, ಅಂದರೆ ಸುಮಾರು 24 ಡಿಗ್ರಿಗಿಂತ ಕೆಳಗೆ, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಶೀಶೆಯನ್ನು ಬಿಸಿನೀರಲ್ಲಿಟ್ಟು, ಕರಗಿದ ಮೇಲೆ ಚೆನ್ನಾಗಿ ಕುಲುಕಿ.

ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುವವರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸಾಕು. ಪರಿಮಳವೂ ಹಿತ. ಅಷ್ಟೇ ಕೊಬ್ಬರಿ ಎಣ್ಣೆಗೆ 10 ಹನಿ. ಹೆಚ್ಚಾದರೆ ಚರ್ಮ ಉರಿಯುತ್ತದೆ. ಬೇಗ ಆವಿಯಾಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ನೀರಿಗೆ ಹಾಕಿ ಸ್ಪ್ರೇ ಮಾಡಿದರೆ ಎಣ್ಣೆ ಮೇಲೆ ತೇಲುತ್ತದೆ, ಕೊಳವೆ ತಳದ ನೀರನ್ನಷ್ಟೇ ಎಳೆಯುತ್ತದೆ.

ಕೂಸುಗಳಿಗೆ ಎರಡೂ ಬೇಡ, ಸೊಳ್ಳೆಪರದೆ ಕಟ್ಟಿ. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವಾಗಲೂ ಇವನ್ನು ನಂಬಬೇಡಿ. ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚದಂತೆ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನೇ ಕೈಕಾಲಿಗೆ ಹಚ್ಚಿ.