ಬಹುಪದೋಕ್ತಿ ಪಾಠಕ್ಕೆ ಜಿಯೋಜಿಬ್ರಾ: ಮೊದಲು ನೋಟ್‌ಬುಕ್, ಆಮೇಲೆ ಆ್ಯಪ್

ಮಕ್ಕಳಿಗೆ ಬಹುಪದೋಕ್ತಿ (ಪಾಲಿನಾಮಿಯಲ್) ಅರ್ಥ ಮಾಡಿಸೋಕೆ ಯಾವ ಆ್ಯಪ್ ಒಳ್ಳೆಯದು ಅಂತ ಯಾರೇ ಕೇಳಿದರೂ ನಾನು ಜಿಯೋಜಿಬ್ರಾ ಹೆಸರನ್ನೇ ಹೇಳುತ್ತೇನೆ. ಜೊತೆಗೆ ಒಂದು ಷರತ್ತನ್ನೂ ಹೇಳುತ್ತೇನೆ. ಭಾಗಾಕಾರವನ್ನು ಮಗು ಮೊದಲು ನೋಟ್‌ಬುಕ್ಕಿನಲ್ಲಿ ಮಾಡಿ ಮುಗಿಸಬೇಕು. ಆಮೇಲೆ ಮಾತ್ರ ಆ್ಯಪ್ ತೆರೆಯಬೇಕು. ಈ ಕ್ರಮ ತಲೆಕೆಳಗಾದರೆ ಇಷ್ಟು ಒಳ್ಳೆಯ ಸಾಧನವೂ ಉತ್ತರ ನಕಲು ಮಾಡುವ ಯಂತ್ರ ಆಗಿಬಿಡುತ್ತದೆ.

ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕನ್ನಡ ಮಾಧ್ಯಮ. ತರಗತಿಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಜಿಯೋಜಿಬ್ರಾ ತೋರಿಸುತ್ತೇನೆ. ಬಹುಪದೋಕ್ತಿ ಒಂಬತ್ತನೇ ತರಗತಿಯಲ್ಲಿ ಶುರುವಾಗುತ್ತದೆ, ಹತ್ತರಲ್ಲಿ ಶೂನ್ಯತೆಗಳು, ಅಂದರೆ ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಎಕ್ಸ್ ಬೆಲೆಗಳು, ನಕ್ಷೆಯ (ಗ್ರಾಫ್) ಮೇಲೆ ಬರುತ್ತವೆ. ಇವೆರಡರ ನಡುವಿನ ಸಂಬಂಧ ಎಷ್ಟೋ ಮಕ್ಕಳಿಗೆ ಕೊನೆಯವರೆಗೂ ಕಾಣುವುದೇ ಇಲ್ಲ. ಭಾಗಾಕಾರ ಒಂದು ಲೆಕ್ಕ, ನಕ್ಷೆ ಇನ್ನೊಂದು ಲೆಕ್ಕ ಅಂತಲೇ ಅಂದುಕೊಳ್ಳುತ್ತಾರೆ. ಈ ಆ್ಯಪ್ ನನಗೆ ಇಷ್ಟವಾಗಿರುವುದು ಅಲ್ಲಿಯೇ. ಎರಡನ್ನೂ ಒಂದೇ ತೆರೆಯ ಮೇಲೆ ಪಕ್ಕಪಕ್ಕದಲ್ಲಿ ಇಡುತ್ತದೆ.

ಒಂದು ಲೆಕ್ಕ ತೆಗೆದುಕೊಂಡು ಹೇಳುತ್ತೇನೆ. ಎಕ್ಸ್ ಕ್ಯೂಬ್ ಮೈನಸ್ 7 ಎಕ್ಸ್ ಪ್ಲಸ್ 6. ಇದನ್ನು ಎಕ್ಸ್ ಮೈನಸ್ 1 ರಿಂದ ಭಾಗಿಸಬೇಕು. ಸಂಶ್ಲೇಷಿತ ಭಾಗಾಕಾರ (ಎಕ್ಸ್ ಬರೆಯದೆ ಬರೀ ಸಂಖ್ಯೆಗಳಿಂದ ಭಾಗಿಸುವ ವಿಧಾನ) ಗೊತ್ತಿರುವ ಮಕ್ಕಳು ಸಹಗುಣಕಗಳನ್ನು, ಅಂದರೆ ಪ್ರತಿ ಪದದ ಸಂಖ್ಯೆಯನ್ನು, ಸಾಲಾಗಿ ಬರೆಯುತ್ತಾರೆ: 1, −7, 6. ಎಕ್ಸ್ ಸ್ಕ್ವೇರ್ ಇಲ್ಲಿ ಇಲ್ಲವಲ್ಲ, ಅದರ ಜಾಗಕ್ಕೆ 0 ಹಾಕುವುದು ಮರೆತುಹೋಗುತ್ತದೆ. ಈಗ 1 ಇಟ್ಟು ಭಾಗಿಸಿ ನೋಡಿ. ಮೊದಲ 1 ಹಾಗೇ ಕೆಳಗೆ ಬರುತ್ತದೆ. −7ಕ್ಕೆ 1 ಸೇರಿಸಿದರೆ −6. 6ಕ್ಕೆ −6 ಸೇರಿಸಿದರೆ 0. ಶೇಷ ಸೊನ್ನೆ! ಮಗು ಖುಷಿಯಿಂದ ಭಾಗಲಬ್ಧ ಎಕ್ಸ್ ಮೈನಸ್ 6, ಶೂನ್ಯತೆಗಳು 1 ಮತ್ತು 6 ಅಂತ ಬರೆದುಬಿಡುತ್ತದೆ.

ಇದು ಯಾಕೆ ಹೀಗಾಗುತ್ತದೆ ಅಂದರೆ, ಎಕ್ಸ್ ಮೈನಸ್ 1 ರಿಂದ ಭಾಗಿಸಿದಾಗ ಬರುವ ಶೇಷ ಎಲ್ಲ ಸಹಗುಣಕಗಳ ಮೊತ್ತವೇ. ನಡುವೆ ಒಂದು 0 ಬಿಟ್ಟರೆ ಮೊತ್ತ ಬದಲಾಗುವುದಿಲ್ಲ. ಹಾಗಾಗಿ ಶೇಷವೊಂದನ್ನೇ ನೋಡಿದರೆ ಈ ತಪ್ಪು ಸಿಗುವುದೇ ಇಲ್ಲ. ಎಕ್ಸ್ ಮೈನಸ್ 2 ರಿಂದ ಭಾಗಿಸಿದ್ದರೆ ಅದೇ ತಪ್ಪಿಗೆ ಶೇಷ −4 ಬರುತ್ತಿತ್ತು, ಮಗುವಿಗೆ ಅನುಮಾನವೂ ಬರುತ್ತಿತ್ತು. ಘನ ಬಹುಪದೋಕ್ತಿಯನ್ನು ಒಂದನೇ ಘಾತದ ಭಾಜಕದಿಂದ ಭಾಗಿಸಿದರೆ ಭಾಗಲಬ್ಧ ಎರಡನೇ ಘಾತದ್ದಾಗಿರಬೇಕು ಅಂತ ಬಾಯಲ್ಲಿ ಹೇಳಿಕೊಡಬಹುದು. ಹೇಳಿಯೂ ಹೇಳುತ್ತೇನೆ. ಆದರೆ ಶೇಷ ಸೊನ್ನೆ ಬಂದ ಸಂತೋಷದಲ್ಲಿ ಯಾರು ಘಾತ ನೋಡುತ್ತಾರೆ?

ಇಂಥ ಹೊತ್ತಿನಲ್ಲಿ ನಾನು ತಪ್ಪು ಅನ್ನುವುದಿಲ್ಲ. ಬಹುಪದೋಕ್ತಿಯನ್ನು ಟಿವಿಯ ಮೇಲೆ ಹಾಕುತ್ತೇನೆ, ಅಷ್ಟೇ. ವಕ್ರರೇಖೆ ಎಕ್ಸ್ ಅಕ್ಷವನ್ನು −3, 1, 2 ರಲ್ಲಿ ದಾಟುತ್ತದೆ. 6ರ ಹತ್ತಿರ ಅಕ್ಷದ ಕಡೆಗೆ ತಿರುಗಿಯೂ ನೋಡುವುದಿಲ್ಲ, ಅಲ್ಲಿ ಅದರ ಬೆಲೆ 180. "ಮಿಸ್, 6ರಲ್ಲಿ ಗೆರೆ ಮುಟ್ಟೇ ಇಲ್ವಲ್ಲ" ಅಂತ ಮಕ್ಕಳೇ ಕೂಗುತ್ತಾರೆ. ಮತ್ತೆ ನೋಟ್‌ಬುಕ್ ತೆರೆಯುತ್ತಾರೆ. 1, 0, −7, 6 ಅಂತ ಬರೆದು ಭಾಗಿಸಿದರೆ 1, 1, −6, ಶೇಷ 0. ಭಾಗಲಬ್ಧ ಎಕ್ಸ್ ಸ್ಕ್ವೇರ್ ಪ್ಲಸ್ ಎಕ್ಸ್ ಮೈನಸ್ 6. ಅದನ್ನು ಅಪವರ್ತಿಸಿದರೆ 2 ಮತ್ತು −3 ಸಿಗುತ್ತವೆ, ನಕ್ಷೆ ತೋರಿಸಿದ್ದೂ ಅದನ್ನೇ. ಆ 0 ಯಾಕೆ ಬೇಕು ಅಂತ ನಾನು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದ ಮಾತು ಈ ಒಂದು ಚಿತ್ರದಿಂದ ಇಳಿಯುತ್ತದೆ.

ಆ್ಯಪ್‌ನಲ್ಲಿ ಭಾಗಿಸುವುದಕ್ಕೇ ಡಿವಿಷನ್ ಅಂತ ಒಂದು ಕಮಾಂಡ್ ಇದೆ. ಬ್ರಾಕೆಟ್ ಒಳಗೆ ಮೊದಲು ಭಾಜ್ಯ, ಕಾಮಾ, ಆಮೇಲೆ ಭಾಜಕ. ಉತ್ತರವಾಗಿ ಭಾಗಲಬ್ಧ ಮತ್ತು ಶೇಷ ಎರಡನ್ನೂ ಜೋಡಿಯಾಗಿ ಕೊಡುತ್ತದೆ. ನಡುವಿನ ಹಂತ ಒಂದನ್ನೂ ತೋರಿಸುವುದಿಲ್ಲ. ಇದನ್ನು ಕೊರತೆ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಶ್ನೆಯ ಫೋಟೋ ತೆಗೆದರೆ ಸಾಲುಸಾಲಾಗಿ ಹಂತ ಬರೆದುಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ, ಹೋಂವರ್ಕ್ ಅಲ್ಲಿಂದಲೇ ಇಳಿಯುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಲ್ಕುಲೇಟರ್ ಕೂಡ ಒಯ್ಯುವಂತಿಲ್ಲ, ಅಲ್ವಾ? ಭಾಗಿಸುವ ಕೈ ಮಗುವಿನದೇ ಆಗಿರಬೇಕು. ಸರಿಯೋ ತಪ್ಪೋ ಅಂತ ಹೇಳುವುದಕ್ಕೆ ಮಾತ್ರ ಈ ಕಮಾಂಡ್ ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಮೇಲೆ. ಎಕ್ಸ್ ಕ್ಯೂಬ್ ಮೈನಸ್ 3 ಎಕ್ಸ್ ಸ್ಕ್ವೇರ್ ಪ್ಲಸ್ ಡಿ ಅಂತ ಬರೆದರೆ ಡಿಗೆ ತಾನಾಗಿಯೇ ಒಂದು ಸ್ಲೈಡರ್ ಬರುತ್ತದೆ, −5 ರಿಂದ 5 ರವರೆಗೆ. ಡಿಯನ್ನು 4ಕ್ಕೆ ತನ್ನಿ. ವಕ್ರರೇಖೆ −1ರಲ್ಲಿ ಅಕ್ಷವನ್ನು ದಾಟುತ್ತದೆ. 2ರಲ್ಲಿ ಬಂದು ಅಕ್ಷವನ್ನು ಬರೀ ಮುಟ್ಟಿ ವಾಪಸ್ ಮೇಲೇರುತ್ತದೆ. ಕೈಯಲ್ಲಿ ಭಾಗಿಸಿದರೆ ಎಕ್ಸ್ ಮೈನಸ್ 2 ಎರಡು ಸಲ ಅಪವರ್ತನವಾಗಿ ಬರುವುದು ಇದಕ್ಕೇ. ಈಗ ಡಿಯನ್ನು ಸ್ವಲ್ಪ ಇಳಿಸಿ 3 ಮಾಡಿ. ಮುಟ್ಟಿದ್ದ ಒಂದು ಬಿಂದು ಎರಡಾಗಿ ಒಡೆಯುತ್ತದೆ, ಒಟ್ಟು ಮೂರು ಶೂನ್ಯತೆಗಳು. ಡಿ 5 ಮಾಡಿದರೆ ಆ ಭಾಗ ಅಕ್ಷ ಬಿಟ್ಟು ಮೇಲೆ ನಿಲ್ಲುತ್ತದೆ. ನಕ್ಷೆಯಲ್ಲಿ ಉಳಿಯುವುದು ಒಂದೇ ಶೂನ್ಯತೆ. ಡಿ 0 ಆದರೆ ಇನ್ನೊಂದು ಕಡೆ, ಮೂಲಬಿಂದುವಿನಲ್ಲಿ, ವಕ್ರರೇಖೆ ಅಕ್ಷವನ್ನು ಮುಟ್ಟಿ ವಾಪಸ್ ಬರುತ್ತದೆ. ಘನ ಬಹುಪದೋಕ್ತಿಗೆ "ಹೆಚ್ಚೆಂದರೆ ಮೂರು" ಶೂನ್ಯತೆಗಳು ಅಂತ ಪುಸ್ತಕದಲ್ಲಿ ಇರುತ್ತದಲ್ಲ, ಆ "ಹೆಚ್ಚೆಂದರೆ" ಅನ್ನುವ ಪದವನ್ನು ಮಕ್ಕಳು ಸುಮ್ನೆ ಓದಿಕೊಂಡು ಹೋಗುತ್ತಾರೆ. ಸ್ಲೈಡರ್ ಅವರ ಕೈಗೇ ಕೊಟ್ಟರೆ ಒಂದು, ಎರಡು, ಮೂರು ಎಲ್ಲವನ್ನೂ ಅವರೇ ಮಾಡಿ ನೋಡುತ್ತಾರೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಇದನ್ನು ತೋರಿಸಲು ನನಗೆ ಸಾಧ್ಯವೇ ಇಲ್ಲ.

ಇನ್ನು ಎಚ್ಚರಿಕೆ ಬೇಕಾಗುವ ಕಡೆಗೆ ಬರುತ್ತೇನೆ. ನಾಲ್ಕನೇ ಘಾತದ ಬಹುಪದೋಕ್ತಿ ಕೊಟ್ಟು, ಎರಡು ಶೂನ್ಯತೆಗಳು √2 ಮತ್ತು −√2 ಆದರೆ ಉಳಿದವನ್ನು ಕಂಡುಹಿಡಿಯಿರಿ ಅನ್ನುವ ಪ್ರಶ್ನೆ ಎಲ್ಲ ಗಣಿತ ಶಿಕ್ಷಕರಿಗೂ ಪರಿಚಯ. ಸಹಗುಣಕಗಳು 1, −1, −8, 2, 12 ಇರುವ ಬಹುಪದೋಕ್ತಿ ತೆಗೆದುಕೊಳ್ಳಿ. ಎಕ್ಸ್ ಸ್ಕ್ವೇರ್ ಮೈನಸ್ 2 ರಿಂದ ಭಾಗಿಸಿದರೆ ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಮೈನಸ್ 6 ಬರುತ್ತದೆ, ಉಳಿದ ಶೂನ್ಯತೆಗಳು 3 ಮತ್ತು −2. ಆ್ಯಪ್‌ನಲ್ಲಿ ರೂಟ್ ಕಮಾಂಡ್ ಕೊಟ್ಟರೆ ನಾಲ್ಕೂ ಬಿಂದುಗಳು ಬರುತ್ತವೆ, ಆದರೆ √2 ಇರಬೇಕಾದ ಕಡೆ 1.41 ಅಂತ ಕಾಣುತ್ತದೆ. 1.41 ಅಂದರೆ √2 ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ದಶಮಾಂಶ ಸ್ಥಾನಗಳನ್ನು ಜಾಸ್ತಿ ಮಾಡಿಕೊಳ್ಳಬಹುದು, ಆದರೂ ಅದು ದಶಮಾಂಶವೇ. ಫ್ಯಾಕ್ಟರ್ ಕಮಾಂಡ್ ಕೂಡ ಎಕ್ಸ್ ಸ್ಕ್ವೇರ್ ಮೈನಸ್ 2 ನ್ನು ಒಡೆಯದೆ ಹಾಗೇ ಬಿಡುತ್ತದೆ, ಯಾಕೆಂದರೆ ಅದು ಭಾಗಲಬ್ಧ ಸಂಖ್ಯೆಗಳ (ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಗಳ) ಒಳಗೇ ಅಪವರ್ತಿಸುತ್ತದೆ. √2 ಬೇಕೆಂದರೆ ಐಫ್ಯಾಕ್ಟರ್ ಅನ್ನುವ ಬೇರೆ ಕಮಾಂಡ್ ಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಎಕ್ಸ್ ಸ್ಕ್ವೇರ್ ಮೈನಸ್ 2 ಕ್ಕೆ ಶೂನ್ಯತೆಗಳೇ ಇಲ್ಲ ಅಂದುಕೊಳ್ಳುತ್ತಾರೆ.

ತೆರೆಯ ಅಳತೆಯದ್ದೂ ಒಂದು ವಿಷಯ ಇದೆ. ಎಕ್ಸ್ ಕ್ಯೂಬ್ ಮೈನಸ್ 3 ಎಕ್ಸ್ ಸ್ಕ್ವೇರ್ ಮೈನಸ್ 10 ಎಕ್ಸ್ ಪ್ಲಸ್ 24 ಹಾಕಿ ನೋಡಿ. ಇದರ ಶೂನ್ಯತೆಗಳು −3, 2, 4. ಆದರೆ ನಡುವೆ ವಕ್ರರೇಖೆ 30ರ ಎತ್ತರಕ್ಕೆ ಹೋಗಿ ಬರುತ್ತದೆ. ಚಿಕ್ಕ ಫೋನಿನಲ್ಲಿ ಬರೀ ನೆಟ್ಟಗಿನ ಗೆರೆಗಳು ಕಾಣುತ್ತವೆ, ತಿರುವು ಕಾಣುವುದಿಲ್ಲ. ವೈ ಅಕ್ಷವನ್ನು ಬೆರಳಿನಿಂದ ಎಳೆದು ಅಳತೆ ಕುಗ್ಗಿಸಿದರೆ ಪೂರ್ತಿ ಆಕಾರ ಬರುತ್ತದೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಟೈಪ್ ಮಾಡುವಾಗ ಘಾತ ಬರೆದ ಮೇಲೆ ಬಲಬಾಣದ ಗುಂಡಿ ಒತ್ತಿ ಕೆಳಗೆ ಇಳಿಯುವುದನ್ನೂ ಅಭ್ಯಾಸ ಮಾಡಿಸಿ.

ಕಮಾಂಡ್‌ಗಳನ್ನು ನಾನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಮೊದಮೊದಲು ಸ್ವಲ್ಪ ತೊಡಕು. ಬೇಕಾಗುವ ನಾಲ್ಕೈದು ಪದಗಳನ್ನು ತರಗತಿಯ ಗೋಡೆಯ ಚಾರ್ಟ್‌ನಲ್ಲಿ ಬರೆದು, ಪಕ್ಕದಲ್ಲಿ ಭಾಗಾಕಾರ, ಅಪವರ್ತನ, ಶೂನ್ಯತೆ ಅಂತ ಕನ್ನಡದ ಪದ ಹಾಕಿದ್ದೇನೆ. ಅಷ್ಟು ಸಾಕಾಗುತ್ತದೆ.

ಜಿಯೋಜಿಬ್ರಾವನ್ನು ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಶುರು ಮಾಡಿದರು. 2021ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ ಇದನ್ನು ಕೊಂಡುಕೊಂಡ ಸುದ್ದಿ ಬಂದಾಗ, ಇನ್ನು ಮುಂದೆ ದುಡ್ಡು ಕೇಳುತ್ತಾರೇನೋ ಅಂತ ನಾವು ಶಿಕ್ಷಕರು ಚಿಂತೆ ಮಾಡಿದ್ದೆವು. ಹಾಗೇನೂ ಆಗಲಿಲ್ಲ. ತರಗತಿಯ ಬಳಕೆಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ನಮ್ಮಂಥ ಊರಿನ ಶಾಲೆಗೆ ಇದು ತುಂಬಾ ದೊಡ್ಡ ಅನುಕೂಲ.

ಲ್ಯಾಪ್‌ಟಾಪ್ ಇದ್ದರೆ ಕ್ಲಾಸಿಕ್ ಆವೃತ್ತಿ ಹಾಕಿಕೊಳ್ಳಿ. ಬೀಜಗಣಿತ, ನಕ್ಷೆ ಎರಡೂ ದೊಡ್ಡದಾಗಿ ಕಾಣುತ್ತವೆ. ಫೋನಿಗಾದರೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಸಾಕು. ವಕ್ರರೇಖೆಯ ಮೇಲೆ ಬೆರಳಿಟ್ಟರೆ ಶೂನ್ಯತೆಯ ಬಿಂದುಗಳನ್ನು ತಾನೇ ತೋರಿಸುತ್ತದೆ. ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ಅಪ್ಪ ಕೆಲಸದಿಂದ ಬಂದಮೇಲೆ ಸಿಗುತ್ತದೆ ಅನ್ನುವ ಮಕ್ಕಳು ನನ್ನ ತರಗತಿಯಲ್ಲಿ ಜಾಸ್ತಿ. ಅವರಿಗೆ ಗ್ರಾಫ್ ಹಾಳೆ ಕೊಡುತ್ತೇನೆ. ಶೂನ್ಯತೆಗಳನ್ನು ಕಂಡುಹಿಡಿದು, ಆಚೀಚೆ ಕೆಲವು ಬೆಲೆ ಹಾಕಿ, ನಕ್ಷೆ ಕೈಯಲ್ಲೇ ಬರೆದುಕೊಂಡು ಬರಬೇಕು. ಮರುದಿನ ಟಿವಿಯ ಮೇಲೆ ಅದೇ ಬಹುಪದೋಕ್ತಿ ಹಾಕಿ, ಹಾಳೆ ಪಕ್ಕದಲ್ಲಿ ಹಿಡಿದು ಎಲ್ಲರೂ ಸೇರಿ ಹೋಲಿಸುತ್ತೇವೆ.